ಪರಶೀಲ ನಿರ್ಮಾಣ ಮೀಮಾಂಸೆ ಅಥವಾ ಯಜಮಾನರ ತತ್ವ ಯಾರ ಮೈಮೇಲೆ ಬರುತ್ತದೆ

ಮನುಷ್ಯನ ಶೀಲವನ್ನು ರೂಪಿಸುವುದು ಅವನು ತನಗೆ ತಾನೇ ಹಾಕಿಕೊಂಡ ತತ್ವಗಳು ಎಂಬ ಮಾತನ್ನು ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಿಂದ ಹಿಡಿದು ನಿವೃತ್ತಿಯ ದಿನದ ಬೀಳ್ಕೊಡುಗೆ ಭಾಷಣದವರೆಗೆ ಯಾರೂ ಅಲ್ಲಗಳೆದಿಲ್ಲ. ಎಲ್ಲರೂ ಒಪ್ಪಿಬಿಟ್ಟ ಮಾತಿನ ಮೇಲೆ ಸಂಶೋಧನೆ ನಡೆಯುವುದಿಲ್ಲವಾದ್ದರಿಂದ ಇಷ್ಟು ಮುಖ್ಯವಾದ ಶಾಸ್ತ್ರವೊಂದು ಇವತ್ತಿನವರೆಗೂ ದಿಕ್ಕಿಲ್ಲದೆ ಉಳಿದಿದೆ. ಆ ಕೊರತೆಯನ್ನು ನೀಗಲು ಪ್ರಸ್ತುತ ಪ್ರಬಂಧ ಹೊರಟಿದೆ. ಇದರ ಪ್ರತಿಜ್ಞಾವಾಕ್ಯ ಚಿಕ್ಕದು. ತತ್ವಗಳು ಶೀಲವನ್ನು ರೂಪಿಸುವುದು ದಿಟ, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಯಾರ ಶೀಲವನ್ನು ಎಂಬಲ್ಲಿ. ತತ್ವ ಹಿಡಿದವನು ಹಿಡಿದ ದಿನ ಹೇಗಿದ್ದನೋ ಕಡೆಯವರೆಗೂ ಹಾಗೇ ಇರುತ್ತಾನೆ. ಹಾಗೇ ಇರುವುದಕ್ಕೆ ದೃಢತೆ ಎಂದು ಹೆಸರು. ಬಾಗುವವರು, ಹದಗೊಳ್ಳುವವರು, ತಾಳ್ಮೆ ಕಲಿಯುವವರು, ಉಪಾಯ ಕಲಿಯುವವರು ಅವನ ಹೆಂಡತಿ, ಮಕ್ಕಳು, ಸೊಸೆ, ಆಳು, ಭಾವಮೈದ, ಒಮ್ಮೊಮ್ಮೆ ಪಕ್ಕದ ಮನೆಯವರು. ಮೊದಲನೆಯವನನ್ನು ತತ್ವವಂತ ಎಂದೂ ಎರಡನೆಯ ಗುಂಪಿನವರನ್ನು ತತ್ವವಾಹಕರು ಎಂದೂ ಕರೆದು, ಒಬ್ಬರ ತತ್ವ ಇನ್ನೊಬ್ಬರ ಮೈಯಲ್ಲಿ ಶೀಲವಾಗಿ ಮೊಳೆಯುವ ಈ ಕ್ರಿಯೆಗೆ ಪರಶೀಲ ನಿರ್ಮಾಣ ಎಂದು ಹೆಸರಿಡಲಾಗಿದೆ. ಹೆಸರಿಟ್ಟರೆ ಅರ್ಧ ಶಾಸ್ತ್ರ ಮುಗಿದಂತೆ. ಉಳಿದರ್ಧಕ್ಕೆ ಪ್ರಮಾಣಗಳು ಬೇಕು.

ಪೂರ್ವಪಕ್ಷವನ್ನು ಅದರ ಅತ್ಯಂತ ಗಟ್ಟಿ ವಕೀಲನ ಬಾಯಿಂದಲೇ ಕೇಳುವುದು ಮರ್ಯಾದೆ. ಜರ್ಮನ್ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ 1798ರಲ್ಲಿ ಪ್ರಕಟಿಸಿದ ಮಾನವಶಾಸ್ತ್ರದ ಗ್ರಂಥದಲ್ಲಿ, ಮನುಷ್ಯ ತನ್ನ ವಿವೇಕದಿಂದಲೇ ತನಗೆ ವಿಧಿಸಿಕೊಂಡ ನಿಯಮಗಳಿಗೆ ತನ್ನ ಇಚ್ಛೆಯನ್ನು ಕಟ್ಟಿಹಾಕಿಕೊಳ್ಳುವ ಗುಣವೇ ಶೀಲ ಎಂದು ವಾದಿಸಿದ. ಸ್ವಭಾವ ಹುಟ್ಟಿನಿಂದ ಬಂದೀತು, ಶೀಲವನ್ನು ಮಾತ್ರ ತಾನೇ ಸಂಪಾದಿಸಬೇಕು. ಮೂವತ್ತಕ್ಕೆ ಮೊದಲು ಈ ಕೆಲಸಕ್ಕೆ ಕೈಹಾಕುವವರು ಕಡಿಮೆ, ನಲವತ್ತಕ್ಕೆ ಮೊದಲು ಅದು ನೆಲೆನಿಂತವರು ಇನ್ನೂ ಕಡಿಮೆ ಎಂಬುದು ಅವನ ಅಂದಾಜು. ನಲವತ್ತು ದಾಟುತ್ತಲೇ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ‘ಇವತ್ತಿಂದ ನಾನು ಸಕ್ಕರೆ ಮುಟ್ಟಲ್ಲ’ ಎಂದು ಘೋಷಿಸುವ ಗಂಡಸರು ನಮ್ಮಲ್ಲೂ ಬೇಕಾದಷ್ಟಿರುವುದರಿಂದ ವಯಸ್ಸಿನ ಲೆಕ್ಕದಲ್ಲಿ ಕಾಂಟ್‌ನ ಮಾತು ಒಪ್ಪತಕ್ಕದ್ದು. ಆದರೆ ಘೋಷಣೆಯಾದ ಆ ಬೆಳಗ್ಗೆ ಅಡುಗೆಮನೆಯಲ್ಲಿ ಬೆಲ್ಲ ಕುಟ್ಟುವ ಸದ್ದು ಯಾರದು ಎಂಬ ಪ್ರಶ್ನೆಯನ್ನು ಅವನು ಎತ್ತಲಿಲ್ಲ. ಎತ್ತಲು ಅವನಿಗೆ ಸೌಕರ್ಯವೂ ಇರಲಿಲ್ಲ, ಏಕೆಂದರೆ ಅವನು ಮದುವೆಯಾಗಿರಲಿಲ್ಲ.

ಮದುವೆಯಾಗಿರಲಿಲ್ಲ ಎಂಬುದನ್ನು ಹಿಡಿದುಕೊಂಡು, ವಾಹಕರಿಲ್ಲದೆಯೂ ತತ್ವ ಬದುಕೀತು ಎನ್ನುವ ಆತುರ ಬೇಡ. ಕೋನಿಗ್ಸ್‌ಬರ್ಗಿನ ಆ ಮನೆಯಲ್ಲಿ ಮಾರ್ಟಿನ್ ಲಾಂಪೆ ಎಂಬ ಸೇವಕನಿದ್ದ, ಪ್ರಷ್ಯದ ಸೈನ್ಯದಲ್ಲಿದ್ದು ಬಂದವನು. ಬೆಳಗ್ಗೆ ಐದಕ್ಕೆ ಏಳುವುದು ಕಾಂಟ್‌ನ ತತ್ವ. ತಾನು ಎಷ್ಟೇ ಗೋಗರೆದರೂ ಇನ್ನೊಂದು ಗಳಿಗೆ ಮಲಗಲು ಬಿಡಕೂಡದೆಂದು ಸೇವಕನಿಗೆ ಅವನದೇ ಅಪ್ಪಣೆ. ಅಂದರೆ ಐದಕ್ಕೆ ಏಳುವ ಕೀರ್ತಿ ದಾರ್ಶನಿಕನದು, ಐದಕ್ಕೆ ಮೊದಲೇ ಏಳುವ ಅಭ್ಯಾಸ ಲಾಂಪೆಯದು, ಮಾಲೀಕನ ಗೋಗರೆತಕ್ಕೆ ಕರಗದ ಕಲ್ಲುಮನಸ್ಸೂ ಲಾಂಪೆಯದೇ. ಕಾಂಟ್ ಸಂಜೆ ವಾಕಿಂಗ್ ಹೊರಟದ್ದನ್ನು ನೋಡಿ ಊರವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೆಂಬ ಕಥೆ ಜಗತ್ತಿಗೆಲ್ಲ ಗೊತ್ತು. ಲಾಂಪೆಯನ್ನು ಎಬ್ಬಿಸುತ್ತಿದ್ದವರು ಯಾರೆಂದು ಯಾರೂ ವಿಚಾರಿಸಿದಂತಿಲ್ಲ. ಸುಮಾರು ನಲವತ್ತು ವರ್ಷ ಹೀಗೆ ಇನ್ನೊಬ್ಬನ ಶಿಸ್ತನ್ನು ಹೊತ್ತ ಮೇಲೆ ಆ ಸೇವಕ ಕುಡಿತಕ್ಕೆ ಬಿದ್ದ. 1802ರಲ್ಲಿ ಕೆಲಸದಿಂದ ತೆಗೆದುಹಾಕಲಾಯಿತು. ಲಾಂಪೆ ಎಂಬ ಹೆಸರನ್ನು ಸಂಪೂರ್ಣ ಮರೆಯತಕ್ಕದ್ದು ಎಂದು ಕಾಂಟ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡ. ಚೀಟಿ ಕಣ್ಣಿಗೆ ಬಿದ್ದಾಗಲೆಲ್ಲ ನೆನಪಾಗಿರಬೇಕು, ಪಾಪ.

ಇದೇ ಕಾಂಟ್ ದಿನಕ್ಕೆ ಒಂದೇ ಪೈಪು ಹೊಗೆಸೊಪ್ಪು ಎಂಬ ನಿಯಮವನ್ನೂ ಹಾಕಿಕೊಂಡಿದ್ದ. ವರ್ಷಗಳು ಕಳೆದಂತೆ ಪೈಪಿನ ಬಟ್ಟಲು ದೊಡ್ಡದಾಗುತ್ತ ಹೋಯಿತು ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಸಂಖ್ಯೆ ಒಂದೇ, ತತ್ವ ಅಬಾಧಿತ. ಕಾಕತಾಳೀಯ ನ್ಯಾಯ, ಅಂಧಗಜ ನ್ಯಾಯಗಳ ಸಾಲಿನಲ್ಲಿ ಇದನ್ನು ಪೈಪುಬಟ್ಟಲು ನ್ಯಾಯ ಎಂದು ಸೇರಿಸಲು ಈ ಪ್ರಬಂಧ ಶಿಫಾರಸು ಮಾಡುತ್ತದೆ, ಏಕೆಂದರೆ ನಮ್ಮ ಮನೆಗಳಲ್ಲಿ ಇದರ ಬಳಕೆ ವಿಪುಲವಾಗಿದೆ. ‘ದಿನಕ್ಕೆ ಎರಡೇ ಲೋಟ ಕಾಫಿ, ಮೂರನೆಯದನ್ನ ಕೇಳಿದ್ರೆ ಕೇಳಿ’ ಎಂಬ ತತ್ವವಂತರ ಅಡುಗೆಮನೆಗೆ ಹತ್ತು ವರ್ಷದ ಮೇಲೆ ಹೋಗಿ ನೋಡಿ. ಮೊದಲಿನ ಗಿಡ್ಡ ಲೋಟ ಕಪಾಟಿನ ಹಿಂದಕ್ಕೆ ಸರಿದು, ನೆಂಟರಿಗೆ ಮಜ್ಜಿಗೆ ಕೊಡುತ್ತಿದ್ದ ಉದ್ದ ಲೋಟ ಮುಂದಕ್ಕೆ ಬಂದಿರುತ್ತದೆ. ಲೋಟ ದೊಡ್ಡದಾಯಿತೆಂದು ಯಜಮಾನರಿಗೆ ತಿಳಿದಿಲ್ಲ. ತಿಳಿಯದಂತೆ ಅದನ್ನು ಬದಲಾಯಿಸುವ ಕಲೆ ಮನೆಯಾಕೆಗೆ ಸಿದ್ಧಿಸಿದೆ. ಒಂದೇ ಸಲಕ್ಕೆ ಬದಲಾಯಿಸಿದರೆ ಗೊತ್ತಾಗುತ್ತದೆ. ಹಬ್ಬಕ್ಕೆ ಪಾತ್ರೆಯಂಗಡಿಗೆ ಹೋದಾಗ ಒಂದು ನಡುಗಾತ್ರದ್ದನ್ನು ತಂದು, ಎರಡು ವರ್ಷ ಅದರಲ್ಲಿ ಕೊಟ್ಟು, ಆಮೇಲೆ ಉದ್ದದ್ದಕ್ಕೆ ಏರಬೇಕು. ಫಿಲ್ಟರಿನ ಮೇಲಿನ ಡಬ್ಬಿಗೆ ಇನ್ನೊಂದು ಚಮಚ ಪುಡಿ ರಾತ್ರಿಯೇ ಬೀಳಬೇಕು. ದೂರದೃಷ್ಟಿ, ಗೌಪ್ಯಪಾಲನೆ, ಪ್ರಮಾಣಜ್ಞಾನ ಎಂಬ ಮೂರು ಸದ್ಗುಣಗಳು ಒಂದೇ ತತ್ವದಿಂದ ಹುಟ್ಟಿದವು. ಮೂರೂ ತತ್ವವಂತರಲ್ಲಿ ಹುಟ್ಟಲಿಲ್ಲ ಎಂಬುದೇ ಇಲ್ಲಿ ಗಮನಾರ್ಹ.

ಪ್ರತ್ಯಕ್ಷವನ್ನು ಒಪ್ಪದವರಿಗೆ ಶಬ್ದಪ್ರಮಾಣವಿದೆ. ಕನ್ನಡದ ಮಕ್ಕಳೆಲ್ಲ ಕಣ್ಣೀರಿಟ್ಟು ಕೇಳಿದ ಪುಣ್ಯಕೋಟಿಯ ಕಥೆಯನ್ನು ಈ ದೃಷ್ಟಿಯಿಂದ ಯಾರೂ ಪರಿಶೀಲಿಸಿಲ್ಲ. ಹಸು ಕಥೆಯ ಮೊದಲಿನಲ್ಲೂ ಸತ್ಯವಂತೆ, ಕೊನೆಯಲ್ಲೂ ಸತ್ಯವಂತೆ. ಅದರ ಶೀಲದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಿಲ್ಲ. ಮಾತು ಉಳಿಸಿಕೊಳ್ಳುವ ಹಸುವಿನ ತತ್ವದಿಂದ ಆಮೂಲಾಗ್ರ ಬದಲಾದದ್ದು ಅರ್ಬುತನೆಂಬ ಹುಲಿ. ಆ ಬದಲಾವಣೆ ಎಷ್ಟು ತೀವ್ರವಾಗಿತ್ತೆಂದರೆ ಹುಲಿ ಬದುಕಲೇ ಇಲ್ಲ. ಇತ್ತ ದೊಡ್ಡಿಯಲ್ಲಿ ಉಳಿದ ಹಸುಗಳಿಗೆ ಪರರ ಕರುವನ್ನು ಹಾಯದೆ ನೋಡಿಕೊಳ್ಳುವ ಜವಾಬ್ದಾರಿ ಬಂತು. ಇನ್ನು ಹದಿಮೂರನೆಯ ಶತಮಾನದಲ್ಲಿ ರಾಘವಾಂಕ ಕಾವ್ಯ ಮಾಡಿದ ಹರಿಶ್ಚಂದ್ರನ ಕಥೆ ನಮ್ಮ ಸಿದ್ಧಾಂತದ ಮೂಲಗ್ರಂಥವೆಂದೇ ಹೇಳಬೇಕು. ಸತ್ಯ ಹರಿಶ್ಚಂದ್ರನದು, ಮಾರಾಟವಾದವರಲ್ಲಿ ಮೊದಲಿಗರು ಚಂದ್ರಮತಿ ಮತ್ತು ಲೋಹಿತಾಶ್ವ. ದರ್ಭೆ ತರಲು ಹೋಗಿ ಹಾವು ಕಚ್ಚಿಸಿಕೊಂಡವನು ಮಗ, ಹೆಣ ಹೊತ್ತು ಸುಡುಗಾಡಿಗೆ ಬಂದವಳು ಹೆಂಡತಿ. ಹರಿಶ್ಚಂದ್ರನೂ ಮಸಣ ಕಾದ, ಕತ್ತಿ ಎತ್ತುವಾಗ ಅವನ ಕರುಳೂ ಕಿತ್ತು ಬಂದಿರಬೇಕು, ಅದನ್ನು ಯಾರೂ ಇಲ್ಲವೆನ್ನರು. ಆದರೆ ಕಾವ್ಯ ಅವನ ಹೆಸರಲ್ಲಿದೆ. ಊರೂರಲ್ಲಿ ಸ್ಮಶಾನಗಳೂ ಅವನ ಹೆಸರಲ್ಲಿವೆ. ಚಂದ್ರಮತಿಯ ಹೆಸರಲ್ಲಿ ಏನಿದೆ ಎಂಬುದನ್ನು ಓದುಗರೇ ಹುಡುಕಿಕೊಳ್ಳಬಹುದು.

ವಾಹಕರೇ ಮುಂದೆ ತತ್ವವಂತರಾಗಿ ಹೊಸ ವಾಹಕರನ್ನು ಹುಟ್ಟಿಸುವ ಸಂಭವವೂ ಉಂಟು. ಈ ಸರಪಳಿಗೆ ಮಹಾಭಾರತ ಸಾಕ್ಷಿ. ದಾಶರಾಜನ ಮುಂದೆ ದೇವವ್ರತ ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿ ಭೀಷ್ಮನಾದ. ತಾನು ಮದುವೆಯಾಗುವಂತಿಲ್ಲವಾದ್ದರಿಂದ ತಮ್ಮನಿಗೆಂದು ಕಾಶಿಯ ಮೂವರು ಹೆಣ್ಣುಮಕ್ಕಳನ್ನು ಹೊತ್ತು ತಂದ. ಅವರಲ್ಲಿ ಅಂಬೆ ಅತ್ತಲೂ ಸಲ್ಲದೆ ಇತ್ತಲೂ ಸಲ್ಲದೆ ತಪಸ್ವಿನಿಯಾದಳು. ತಪಸ್ಸು ಅವಳಲ್ಲಿ ಹುಟ್ಟಿದ್ದು ಅವಳ ತತ್ವದಿಂದಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಅಂಬಿಕೆಯ ಮಗ ಕುರುಡನಾದ. ಅವನನ್ನು ಕಟ್ಟಿಕೊಂಡ ಗಾಂಧಾರಿ, ಗಂಡ ಕಾಣದ ಲೋಕ ತನಗೂ ಬೇಡವೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ತತ್ವವಂತರೆಂದರೆ ಗಂಡಸರೇ ಏಕೆ, ಹೆಂಗಸರಿಲ್ಲವೇ ಎಂಬ ಆಕ್ಷೇಪಕ್ಕೆ ಇದೇ ಉತ್ತರ: ಇದ್ದಾರೆ, ಮತ್ತು ಫಲ ತಪ್ಪದೆ ಅದೇ ಆಗುತ್ತದೆ. ಅಪ್ಪನಿಗೆ ಕಣ್ಣಿಲ್ಲ, ಅಮ್ಮನ ಕಣ್ಣಿಗೆ ತತ್ವ ಅಡ್ಡ. ಅಂಥ ಮನೆಯಲ್ಲಿ ನೂರು ಗಂಡುಹುಡುಗರು ಬೆಳೆದರು. ಅವರ ಶೀಲ ಯಾವ ರೀತಿ ರೂಪುಗೊಂಡಿತೆಂದು ವಿವರಿಸಲು ಮಿಕ್ಕ ಪರ್ವಗಳೆಲ್ಲ ಬೇಕಾದವು.

ಪುರಾಣದಿಂದ ಬೀದಿಗೆ ಇಳಿಯೋಣ. ನಮ್ಮ ನಗರಗಳಲ್ಲಿ ಇತ್ತೀಚೆಗೆ ಕಾಣಿಸಿಕೊಂಡಿರುವ ಒಂದು ಪ್ರಭೇದವೆಂದರೆ ‘ನಾನು ಮೊಬೈಲ್ ಇಟ್ಟುಕೊಳ್ಳಲ್ಲ’ ಎಂಬ ತತ್ವವಂತರದ್ದು. ಅವರ ಮುಖದಲ್ಲಿ ಒಂದು ಶಾಂತಿ ಇರುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಭಗವದ್ಗೀತೆಯ ಸ್ಥಿತಪ್ರಜ್ಞನ ಲಕ್ಷಣಗಳು ಒಂದೊಂದಾಗಿ ಗೋಚರಿಸುತ್ತವೆ. ಆದರೆ ಬ್ಯಾಂಕಿನವರು ಒಟಿಪಿ ಕಳಿಸುವುದನ್ನು ಬಿಟ್ಟಿಲ್ಲ. ಅದು ಅಳಿಯನ ಫೋನಿಗೆ ಹೋಗುತ್ತದೆ. ಅಳಿಯ ಆಫೀಸಿನ ಮೀಟಿಂಗಿನಲ್ಲಿ ಕೂತಿರುತ್ತಾನೆ. ಮಾವನವರು ಕೌಂಟರಿನ ಮುಂದೆ ನಿಂತಿರುತ್ತಾರೆ. ಕೌಂಟರಿನ ಹುಡುಗಿ ‘ಸರ್, ಟೈಮ್ ಮುಗೀತು, ಇನ್ನೊಂದ್ಸಲ ಕಳಿಸ್ತೀನಿ’ ಎನ್ನುತ್ತಾಳೆ. ಮಾವನವರು ಪಕ್ಕದಲ್ಲಿ ನಿಂತ ಅಪರಿಚಿತರ ಕಡೆ ತಿರುಗಿ, ‘ಸ್ವಾಮಿ, ನಿಮ್ಮ ಫೋನಿಂದ ನಮ್ಮ ಅಳಿಯಂದಿರಿಗೆ ಒಂದು ಕಾಲ್ ಮಾಡ್ತೀರಾ? ನಾನು ಮೊಬೈಲ್ ಇಟ್ಟುಕೊಳ್ಳಲ್ಲ’ ಎನ್ನುತ್ತಾರೆ. ಎರಡನೆಯ ವಾಕ್ಯವನ್ನು ಹೇಳುವಾಗ ದನಿಯಲ್ಲಿ ಯಾಚನೆ ಇರುವುದಿಲ್ಲ, ಹೆಮ್ಮೆ ಇರುತ್ತದೆ. ಅಳಿಯನಲ್ಲಿ ಈ ತತ್ವದಿಂದ ಬೆಳೆಯುವ ಗುಣಗಳಿಗೆ ಲೆಕ್ಕವಿಲ್ಲ: ಮೇಜಿನ ಕೆಳಗೆ ನೋಡದೆಯೇ ಆರು ಅಂಕಿ ಓದುವ ಚುರುಕುತನ, ಮೇಲಧಿಕಾರಿಯ ಎದುರು ಕೆಮ್ಮುತ್ತ ಎದ್ದುಹೋಗುವ ಅಭಿನಯ, ಸಂಜೆ ಮನೆಯಲ್ಲಿ ಆ ಬಗ್ಗೆ ಚಕಾರವೆತ್ತದ ಸಂಯಮ.

ಇದಕ್ಕಿಂತ ಹಳೆಯದೂ ಗಂಭೀರವಾದದ್ದೂ ಆದ ತತ್ವ ‘ನಾನು ಜನ್ಮದಲ್ಲಿ ಸಾಲ ಮಾಡಿದವನಲ್ಲ’ ಎಂಬುದು. ಇದು ಎಷ್ಟು ಪೂಜ್ಯವೆಂದರೆ ತೀರಿಕೊಂಡವರ ಬಗ್ಗೆ ಹೇಳುವ ಮಾತುಗಳಲ್ಲಿ ಮೊದಲನೆಯದು ಇದೇ. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ವರ್ಷ ಅಂಥ ಮನೆಯೊಳಗೆ ಏನಾಗುತ್ತದೆಂದು ನೋಡಬೇಕು. ಯಜಮಾನರು ಸಂಬಳದ ಲೆಕ್ಕ ಹಾಕಿ, ಕೈಚೆಲ್ಲಿ, ‘ದೇವರಿದ್ದಾನೆ’ ಎಂದು ಪೇಪರು ತೆರೆಯುತ್ತಾರೆ. ದೇವರು ಆ ಹೊತ್ತಿಗೆ ಹಿಂದಿನ ಬೀದಿಯ ಹೆಂಗಸರ ಚೀಟಿಯಲ್ಲಿ ಇರುತ್ತಾನೆ. ಮನೆಯಾಕೆ ಈ ತಿಂಗಳ ಚೀಟಿಯನ್ನು ಕೂಗಿ ಕಡಿಮೆಗೆ ಎತ್ತುತ್ತಾಳೆ, ಸಾಲದ್ದಕ್ಕೆ ಬಳೆಗಳನ್ನು ಗಿರವಿ ಇಡುತ್ತಾಳೆ, ಸೆರಗು ಮುಂದಕ್ಕೆ ಎಳೆದು ಮೊಣಕೈವರೆಗೆ ಕವಚಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳುತ್ತಾಳೆ. ಬಡ್ಡಿ, ಕಂತು, ಮಾರ್ಜಿನ್, ಗ್ರಾಮಿನ ದರ ಎಲ್ಲವೂ ಅವಳಿಗೆ ಬಾಯಿಪಾಠ. ಮನೆಯಲ್ಲಿ ಸಾಲವಿಲ್ಲ, ಬಳೆಯೂ ಇಲ್ಲ. ನಾಲ್ಕು ವರ್ಷದ ಮೇಲೆ ಮಗಳು ಕೆಲಸಕ್ಕೆ ಸೇರಿದಾಗ ಯಜಮಾನರು ನೆಂಟರೆದುರು ಹೇಳುತ್ತಾರೆ: ‘ಒಂದು ಪೈಸೆ ಸಾಲ ಮಾಡದೆ ಓದಿಸಿದೆ.’ ಸುಳ್ಳೆನ್ನುವಂತಿಲ್ಲ. ಅವರು ಮಾಡಲಿಲ್ಲ.

ಇಲ್ಲಿ ಪ್ರತಿವಾದಿ ಎದ್ದು ನಿಂತು, ತತ್ವದಿಂದ ತತ್ವವಂತನೇ ಹೆಚ್ಚು ನೋಯುತ್ತಾನೆ, ಗಾಂಧೀಜಿಯನ್ನು ನೋಡಿ, ಎನ್ನಬಹುದು. ನೋಡೋಣ. ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟರು. 1918ರಲ್ಲಿ ಖೇಡಾ ಜಿಲ್ಲೆಯ ಓಡಾಟದಲ್ಲಿ ಆಮಶಂಕೆಯಾಗಿ ಹಾಸಿಗೆ ಹಿಡಿದು ಸಾವಿನ ಅಂಚಿಗೆ ಬಂದಾಗ, ಹಾಲು ಕುಡಿಯದೆ ಮೈ ಚೇತರಿಸಿಕೊಳ್ಳದು ಎಂದು ಡಾಕ್ಟರು ಹೇಳಿದರು. ಪ್ರತಿಜ್ಞೆ ಮುರಿಯುವಂತಿಲ್ಲ ಎಂದು ಇವರು. ಹಸು ಎಮ್ಮೆಗಳ ಹಾಲು ಬೇಡವಾದರೆ ಆಡಿನ ಹಾಲಿಗೇನು ಅಡ್ಡಿ ಎಂದು ಕೇಳಿದವರು ಕಸ್ತೂರಬಾ. ಲಂಡನ್ನಿನ ಇನ್ನರ್ ಟೆಂಪಲ್ಲಿನಲ್ಲಿ ಬ್ಯಾರಿಸ್ಟರಿ ಓದಿದವರು ಗಂಡ. ಪ್ರತಿಜ್ಞೆಯಲ್ಲಿ ಸಂದು ಕಂಡುಹಿಡಿದವರು ಓದುಬರಹದ ಭಾಗ್ಯ ಇಲ್ಲದೆ ಮದುವೆಯಾಗಿ ಬಂದಿದ್ದ ಹೆಂಡತಿ. ಅಕ್ಷರ ಉಳಿದು ಆಶಯ ಹೋಯಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಕೊರಗಿದ್ದಾರೆ. ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಕಾನೂನಿನ ಸೂಕ್ಷ್ಮ ಆ ಗಳಿಗೆಯಲ್ಲಿ ಯಾರಲ್ಲಿ ಹುಟ್ಟಿತು ಎಂಬುದಷ್ಟೇ ನಮ್ಮ ವಿಷಯ. ಆ ಫಾರ್ಮಿಗೆ ಹೆಸರು ಕೊಟ್ಟ ಟಾಲ್‌ಸ್ಟಾಯ್ ಇನ್ನೂ ದೊಡ್ಡ ಪುರಾವೆ. ಆಸ್ತಿ ಪಾಪವೆಂದು ಕಂಡು, 1881ರ ನಂತರದ ತನ್ನ ಬರಹಗಳ ಹಕ್ಕನ್ನು 1891ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ. ಹದಿಮೂರು ಮಕ್ಕಳನ್ನು ಹೆತ್ತ ಹೆಂಡತಿ ಸೋಫಿಯಾ ಹಿಂದೆಯೇ ಅವನ ಮಹಾಕಾದಂಬರಿಯ ಕರಡನ್ನು ಮತ್ತೆ ಮತ್ತೆ ಕೈಯಲ್ಲಿ ನಕಲು ಮಾಡಿದ್ದಳು. ಮನೆ ನಡೆಯಲು ಅವಳೇ ಪ್ರಕಾಶಕಿಯೂ ಆದಳು. ಪುಸ್ತಕ ಹೊರತರುವ ಬಗೆ ಕೇಳಲು ದಾಸ್ತೊಯೆವ್‌ಸ್ಕಿಯ ವಿಧವೆ ಆನ್ನಾಳ ಬಳಿಗೆ ಹೋದಳು. ತಡೆಹಿಡಿದಿದ್ದ ಕೃತಿಯೊಂದನ್ನು ಸಂಪುಟದಲ್ಲಿ ಸೇರಿಸಲು ಸ್ವತಃ ತ್ಸಾರ್ ದೊರೆಯನ್ನು ಕಂಡು ಅನುಮತಿ ತಂದಳು. ಟಾಲ್‌ಸ್ಟಾಯ್ ಆ ವರ್ಷಗಳಲ್ಲಿ ಬೂಟು ಹೊಲಿಯುವುದನ್ನು ಕಲಿತ. ಲೋಕ ಅವನನ್ನು ಋಷಿ ಎಂದಿತು, ಅವಳನ್ನು ಜಗಳಗಂಟಿ ಎಂದಿತು. ತತ್ವವಾಹಕರಿಗೆ ಸಿಗುವ ಸಾಮಾನ್ಯ ಬಿರುದು ಅದು.

ಇನ್ನೊಬ್ಬ ಪ್ರತಿವಾದಿ ಸಂಪ್ರದಾಯದ ಕಡೆಯಿಂದ ಬರುತ್ತಾನೆ. ವ್ರತ ನಿಯಮಗಳನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಪಾಲಿಸಿದ್ದಾರೆ, ಅದರಿಂದ ಮನೆಯವರೆಲ್ಲ ಹಣ್ಣಾದರೇ ಎಂಬುದು ಅವನ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಮತ್ತು ಉತ್ತರ ಪ್ರಶ್ನೆಯಲ್ಲೇ ಇದೆ. ವ್ರತಕ್ಕೆ ಸಂಕಲ್ಪವಿದ್ದಂತೆ ಉದ್ಯಾಪನೆಯೂ ಇದೆ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯವಿಲ್ಲ. ಆದರೆ ಮೊಸರು ಬಿಟ್ಟ ತಿಂಗಳಲ್ಲಿ ತರಕಾರಿ ವಾಪಸು ಬರುತ್ತದೆ, ಹಾಲು ಬಿಟ್ಟ ತಿಂಗಳಲ್ಲಿ ಮೊಸರು ಬರುತ್ತದೆ, ಕ್ಯಾಲೆಂಡರಿನಲ್ಲಿ ಕೊನೆಯ ದಿನ ಅಚ್ಚಾಗಿರುತ್ತದೆ. ರೋಗಿಗೆ, ಬಸುರಿಗೆ, ಬಾಲಕರಿಗೆ ರಿಯಾಯಿತಿ ಉಂಟು. ಶಾಸ್ತ್ರಕಾರರು ಅಡುಗೆ ಮಾಡುವವರನ್ನು ಕಂಡಿದ್ದರೆಂದು ಇದರಿಂದ ಸ್ಪಷ್ಟ. ವೈಯಕ್ತಿಕ ತತ್ವಕ್ಕೆ ಸಂಕಲ್ಪ ಮಾತ್ರ ಇದೆ, ಉದ್ಯಾಪನೆ ಇಲ್ಲ. ‘ನಾನು ಬಿಸಿ ಅಡುಗೆ ಬಿಟ್ಟು ಉಣ್ಣಲ್ಲ’ ಎಂದವರು ಯಾವ ಹುಣ್ಣಿಮೆಗೂ ತಂಗಳಿಗೆ ಮರಳುವುದಿಲ್ಲ.

ಒಂಟಿಯಾಗಿ ತತ್ವ ಪಾಲಿಸಿದವರ ಉದಾಹರಣೆಯಾಗಿ ಅಮೆರಿಕದ ಹೆನ್ರಿ ಡೇವಿಡ್ ಥೋರೋನನ್ನು ಮುಂದಿಡುವುದು ವಾಡಿಕೆ. ಗುಲಾಮಗಿರಿಗೂ ಯುದ್ಧಕ್ಕೂ ಕುಮ್ಮಕ್ಕು ಕೊಡುವ ಸರ್ಕಾರಕ್ಕೆ ತೆರಿಗೆ ಕೊಡೆನೆಂದು 1846ರ ಜುಲೈಯಲ್ಲಿ ಜೈಲಿಗೆ ಹೋದ ಧೀರ ಅವನು. ಅಲ್ಲಿ ಇದ್ದದ್ದು ಒಂದೇ ರಾತ್ರಿ. ಯಾರೋ ತೆರಿಗೆ ಕಟ್ಟಿಬಿಟ್ಟರು, ಅವನ ಸೋದರತ್ತೆಯೇ ಇರಬೇಕೆಂದು ಊಹೆ. ಅವನು ಗುಡಿಸಲು ಹಾಕಿಕೊಂಡಿದ್ದ ವಾಲ್ಡನ್ ಕೊಳದ ದಡದ ಜಾಗ ಗೆಳೆಯ ಎಮರ್ಸನ್ನನದು. ಆ ರಾತ್ರಿಯಿಂದ ಹುಟ್ಟಿದ ಪ್ರಬಂಧ ಮುಂದೆ ಗಾಂಧೀಜಿಯ ಕೈಗೂ ಬಂತು, ಲೋಕಕ್ಕೆ ಒಳ್ಳೆಯದೇ ಆಯಿತು. ಅತ್ತೆ ಕಟ್ಟಿದ ದುಡ್ಡು ವಾಪಸು ಬಂತೇ ಎಂಬ ಬಗ್ಗೆ ಮಾತ್ರ ಪ್ರಬಂಧ ಮೌನ.

ಸಾರ್ವಜನಿಕ ಜೀವನದಲ್ಲಿ ವಾಹಕರ ಸಂಖ್ಯೆ ಮನೆಯ ಹೊಸ್ತಿಲು ದಾಟುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನಗಿರಿ ಒಪ್ಪುವ ಮೊದಲು ನೆಂಟರನ್ನೆಲ್ಲ ಸೇರಿಸಿ, ಯಾರೂ ಶಿಫಾರಸಿಗೆ ಬರಕೂಡದೆಂದು ಮಾತು ತೆಗೆದುಕೊಂಡರೆಂಬ ಕಥೆ ಪ್ರಚಲಿತ. ಈ ಕಥೆಯಿಂದ ಎಲ್ಲರೂ ದಿವಾನರ ಶೀಲವನ್ನು ಕಾಣುತ್ತಾರೆ. ಅವರ ಶೀಲ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಆ ಸಭೆಯಲ್ಲಿ ಹೊಸದಾಗಿ ಶೀಲವಂತರಾದವರು ನೆಂಟರು, ಅದೂ ಆರು ವರ್ಷ ಸತತವಾಗಿ. ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಎಂಬ ಇನ್ನೊಂದು ಕಥೆಯನ್ನು ಶಾಲೆಯಲ್ಲಿ ಕೇಳದವರಿಲ್ಲ. ಎರಡನೆಯ ಮೇಣದಬತ್ತಿಯನ್ನು ಅಂಗಡಿಯಿಂದ ತಂದವರು ಯಾರು, ಅದು ಮುಗಿದ ದಿನ ಯಾರು ಬೈಸಿಕೊಂಡರು ಎಂಬ ಬಗ್ಗೆ ಪಠ್ಯಪುಸ್ತಕ ಸಮಿತಿಗಳು ಆಸಕ್ತಿ ತೋರಿಲ್ಲ. ಇತ್ತೀಚಿನ ಚರಿತ್ರೆಯಲ್ಲಿ ರಾಮಕೃಷ್ಣ ಹೆಗಡೆಯವರ ಮೌಲ್ಯಾಧಾರಿತ ರಾಜಕಾರಣವನ್ನು ನೆನೆಯಬೇಕು. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 4 ಮಾತ್ರ ಬಂದಾಗ, ಜನರ ಒಪ್ಪಿಗೆ ಮತ್ತೆ ಪಡೆಯದೆ ಕುರ್ಚಿಯಲ್ಲಿ ಕೂರುವುದು ಸರಿಯಲ್ಲವೆಂದು ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸ ಚುನಾವಣೆ ತಂದರು. ತತ್ವ ಒಬ್ಬರದು. ಎರಡು ವರ್ಷದ ಹಿಂದಷ್ಟೇ ಗೆದ್ದು ಉಸಿರು ಬಿಟ್ಟಿದ್ದ ಶಾಸಕರೆಲ್ಲ, ಮೌಲ್ಯದ ಗೋಜಿಗೆ ಹೋಗದ ಎದುರು ಪಕ್ಷದವರೂ ಸೇರಿ, 224 ಕ್ಷೇತ್ರಗಳಲ್ಲಿ ಮತ್ತೆ ಕೈಮುಗಿದು ಬೀದಿ ಸುತ್ತಿದರು. 1985ರಲ್ಲಿ ಹೆಗಡೆಯವರ ಪಕ್ಷಕ್ಕೆ 139 ಸ್ಥಾನ ಬಂತು. ಸೋತವರಲ್ಲಿ ವಿನಯ ಬಂತು. ಪರಶೀಲ ನಿರ್ಮಾಣ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ನಿದರ್ಶನಗಳು ವಿರಳ.

ತತ್ವವೇ ಇಲ್ಲದವರ ಮನೆಯಲ್ಲಿ ಏನಾಗುತ್ತದೆ ಎಂದು ಕೇಳದೆ ಶಾಸ್ತ್ರ ಪೂರ್ಣವಾಗದು. ಅನ್ವಯದ ಜೊತೆ ವ್ಯತಿರೇಕವೂ ಬೇಕು. ಗಾಳಿ ಬಂದ ಕಡೆ ತೂರಿಕೊಳ್ಳುವ, ಕೇಳಿದವರಿಗೆಲ್ಲ ಜಾಮೀನು ನಿಲ್ಲುವ, ನಿನ್ನೆ ಬೇಡವೆಂದದ್ದನ್ನು ಇವತ್ತು ಎರಡು ಸಲ ಬಡಿಸಿಕೊಳ್ಳುವ ಗೃಹಸ್ಥನ ಮನೆಯಲ್ಲಿ ಹೆಂಡತಿ ತಾಳ್ಮೆಗೆಡುತ್ತಾಳೆ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ಖಡಾಖಂಡಿತ ಮಾತಾಡುವುದನ್ನು ಕಲಿತು ತಾನೇ ತತ್ವವತಿಯಾಗುತ್ತಾಳೆ. ಹಾಗಾದರೆ ತತ್ವವಿದ್ದರೂ ಇಲ್ಲದಿದ್ದರೂ ರೂಪುಗೊಳ್ಳುವುದು ಪಕ್ಕದವರ ಶೀಲವೇ ಆಯಿತಲ್ಲ, ನಿಮ್ಮ ಹೇತು ಬಿದ್ದುಹೋಯಿತಲ್ಲ ಎಂದು ತಾರ್ಕಿಕರು ಹುಬ್ಬು ಹಾರಿಸುವುದು ನಿಶ್ಚಿತ. ಬಿದ್ದಿಲ್ಲ. ತತ್ವವಿಲ್ಲದವನ ಮನೆಯವರು ಗಟ್ಟಿಯಾಗುತ್ತಾರೆ, ತತ್ವವಂತನ ಮನೆಯವರು ಮೆತ್ತಗಾಗುತ್ತಾರೆ. ಗಟ್ಟಿಯಾದವರಿಗೆ ತಮ್ಮ ಗಟ್ಟಿತನದ ಹೆಸರಾದರೂ ಸಿಗುತ್ತದೆ. ಮೆತ್ತಗಾದವರ ಕೆಲಸ, ತಾವು ಕೆಲಸ ಮಾಡಿದ್ದು ಗೊತ್ತಾಗದಂತೆ ನೋಡಿಕೊಳ್ಳುವುದು.

ಈ ಕಡೆಯ ಮಾತಿಗೆ ಒಂದು ಕಹಿಯಾದ ಉಪಪ್ರಮೇಯವಿದೆ. ಶಾಸ್ತ್ರದ ನಗೆಮುಖ ಅದನ್ನು ಮುಚ್ಚಿಡಲಾರದು. ‘ನಾನು ಲಂಚ ಕೊಡಲ್ಲ’ ಎಂಬ ತತ್ವಕ್ಕೆ ಸಮನಾದ ತತ್ವ ಈ ದೇಶದಲ್ಲಿ ಇನ್ನೊಂದಿಲ್ಲ. ಹಾಗೆ ಹೇಳಿ, ಹೇಳಿದಂತೆ ನಡೆದು, ವರ್ಷಗಟ್ಟಲೆ ಕಚೇರಿ ಅಲೆದು, ಅರ್ಜಿಯ ಮೇಲೆ ಅರ್ಜಿ ಬರೆದು ಗೆದ್ದವರಿದ್ದಾರೆ. ಅವರ ಚಪ್ಪಲಿ ಅವರೇ ಸವೆಸಿದ್ದರಿಂದ ಅವರು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ವ್ಯಾಪ್ತಿಗೆ ಬರುವವರು ಬೇರೆ. ಮನೆಯ ಖಾತೆ ಬದಲಾವಣೆಗೆ ಅರ್ಜಿ ಹಾಕಿ ಎಂಟು ತಿಂಗಳಾಗಿರುತ್ತದೆ. ಯಜಮಾನರು ಕಚೇರಿಯಲ್ಲಿ ಜೋರು ದನಿಯಲ್ಲಿ ತತ್ವ ಹೇಳಿ ಮನೆಗೆ ಬಂದಿರುತ್ತಾರೆ. ಒಂದು ಭಾನುವಾರ ಭಾವಮೈದ ಬಂದು, ‘ಭಾವ, ಆ ಫೈಲಿನ ಜೆರಾಕ್ಸ್ ಒಂದು ಕೊಡಿ, ನನ್ನ ಫ್ರೆಂಡ್ ಒಬ್ಬ ಅಲ್ಲೇ ಓಡಾಡ್ತಿರ್ತಾನೆ’ ಎನ್ನುತ್ತಾನೆ. ಫ್ರೆಂಡ್ ಎಂದರೆ ಯಾರು, ಎಷ್ಟಕ್ಕೆ ಓಡಾಡುತ್ತಾನೆ ಎಂದು ಭಾವ ಕೇಳುವುದಿಲ್ಲ. ಜೆರಾಕ್ಸ್ ಹುಡುಕಲು ಒಳಗೆ ಹೋಗುತ್ತಾರೆ. ಮೂರನೆಯ ವಾರ ಖಾತೆ ಬರುತ್ತದೆ. ‘ನೋಡು, ತಡವಾದ್ರೂ ನ್ಯಾಯವಾಗಿ ಆಯ್ತು’ ಎಂದು ಭಾವ. ‘ಹೌದು ಭಾವ’ ಎಂದು ಭಾವಮೈದ. ಒಬ್ಬರ ಕೈ ಹೀಗೆ ಶುಭ್ರವಾಗಿ ಉಳಿದದ್ದು ಇನ್ನೊಬ್ಬರ ಕೈ ಕೊಳೆಯಾದದ್ದರಿಂದ. ಕೊಳೆ ಮಾಡಿಕೊಂಡವನಿಗೆ ಸಿಕ್ಕ ಹೆಸರು ‘ಅವನು ಸ್ವಲ್ಪ ವ್ಯವಹಾರಸ್ಥ’ ಎಂಬುದು. ಕೇಳದಿರುವುದೂ ಒಂದು ಕೊಡುವಿಕೆ ಎಂದು ಕಾಂಟ್‌ನ ಮುಂದೆ ವಾದಿಸಿದ್ದರೆ ಅವನು ಒಪ್ಪುತ್ತಿದ್ದನೆಂದೇ ತೋರುತ್ತದೆ. ಪೈಪು ಹಚ್ಚುವ ಮೊದಲು ಕೇಳಬೇಕಿತ್ತು.

ಸಮಾಜ ತತ್ವವಂತರನ್ನು ಮಾತ್ರ ಗೌರವಿಸುತ್ತದೆ, ವಾಹಕರ ಬಗ್ಗೆ ಅದಕ್ಕೆ ಅರಿವೇ ಇಲ್ಲ ಎಂಬ ಕಡೆಯ ಆಕ್ಷೇಪ ಅರ್ಧ ಮಾತ್ರ ಸರಿ. ನಮ್ಮ ಸನ್ಮಾನ ಸಮಾರಂಭಗಳಲ್ಲಿ ‘ದಂಪತಿ ಸಮೇತ ವೇದಿಕೆಗೆ ಬರಬೇಕು’ ಎಂದು ನಿರೂಪಕರು ಮೈಕಿನಲ್ಲಿ ಕೂಗುವುದನ್ನು ಗಮನಿಸಿ. ಸಿದ್ಧಾಂತ ಜನಕ್ಕೆ ಎಲ್ಲೋ ಗೊತ್ತಿದೆ. ಯಜಮಾನರಿಗೆ ಪೇಟ, ಶಾಲು. ಪಕ್ಕದ ಕುರ್ಚಿಗೆ ಅರಿಶಿನ ಕುಂಕುಮ, ಒಂದು ಬ್ಲೌಸ್ ಪೀಸು. ಅಭಿನಂದನಾ ಭಾಷಣದಲ್ಲಿ ಯಜಮಾನರ ಹನ್ನೆರಡು ತತ್ವಗಳನ್ನು ಹೊಗಳಿದ ಮೇಲೆ ‘ಇದಕ್ಕೆಲ್ಲ ಅವರ ಶ್ರೀಮತಿಯವರ ಸಹಕಾರವೂ ಇದೆ’ ಎಂಬ ಒಂದು ವಾಕ್ಯವಿರುತ್ತದೆ, ಆ ಹೊತ್ತಿಗೆ ಸಭಿಕರು ಉಪ್ಪಿಟ್ಟಿನ ಕಡೆ ಏಳತೊಡಗಿರುತ್ತಾರೆ. ಹಾರ ತುರಾಯಿ ಬೇಡ, ಪುಸ್ತಕ ಕೊಡಿ ಎಂಬುದೂ ಈಚೆಗೆ ಒಂದು ತತ್ವ. ಹಾರವಾದರೆ ವೇದಿಕೆಯಲ್ಲೇ ತೆಗೆದಿಟ್ಟು ಬರಬಹುದಿತ್ತು. ಪುಸ್ತಕದ ಎರಡು ಚೀಲಗಳು ಶ್ರೀಮತಿಯವರ ಕೈಯಲ್ಲಿ ಮೆಟ್ಟಿಲಿಳಿಯುತ್ತವೆ. ಹೊರಗೆ ರಸ್ತೆಯಲ್ಲಿ ಯಜಮಾನರ ಹದಿಮೂರನೆಯ ತತ್ವ ಕಾದಿರುತ್ತದೆ: ಆಟೊಗೆ ಮೀಟರ್ ಮೇಲೆ ಒಂದು ರೂಪಾಯಿ ಕೊಡುವುದಿಲ್ಲ. ಮೊದಲ ಆಟೊ ಹೋಯಿತು. ಎರಡನೆಯವನು ನಕ್ಕು ಹೋದ. ಮೂರನೆಯವನ ಜೊತೆ ವಾಗ್ವಾದವಾಯಿತು. ನಾಲ್ಕನೆಯ ಆಟೊ ನಿಂತಾಗ ಚೀಲ ಹೊತ್ತವರು ಯಜಮಾನರ ಬೆನ್ನ ಹಿಂದಿನಿಂದ ಮೂರು ಬೆರಳು ಎತ್ತಿ ತೋರಿಸಿದರು. ಡ್ರೈವರ್ ಮರುಮಾತಾಡದೆ ಮೀಟರ್ ಹಾಕಿದ. ಮನೆಯ ಮುಂದೆ ಯಜಮಾನರು ಮೀಟರಿನಷ್ಟೇ ಎಣಿಸಿ ಕೊಟ್ಟು ಗೇಟು ತೆಗೆಯಲು ಹೋದರು; ಮೂವತ್ತು ರೂಪಾಯಿ ಪರ್ಸಿನಿಂದ ಕೈಬದಲಾಗುವ ಹೊತ್ತಿಗೆ ಅವರು ಬೀಗ ತೆಗೆಯುತ್ತಿದ್ದರು. ಒಳಗೆ ಬಂದು ಪೇಟ ಬಿಚ್ಚುತ್ತ ಅವರು ಹೇಳಿದರು: ‘ನೋಡಿದೆಯಾ? ಗಟ್ಟಿಯಾಗಿ ನಿಂತರೆ ಹಾಕೇ ಹಾಕ್ತಾರೆ.’